ಇಂದಿನ ಧಮ್ಮ ಚಿಂತನೆ: ಅಜಂತಾದಲ್ಲಿ ಕುಸಿದ ಚಾವಣಿ



ಬಂಧುಗಳೇ, ಅಜಂತಾ ಎಂದರೆ ನಮಗೆ ಮೊದಲು ನೆನಪಾಗುವುದು ಒಂದನೇ ಗುಹೆಯ ಪದ್ಮಪಾಣಿ ಚಿತ್ರ. ಇಂದು ನಾನು ಹೇಳಬೇಕೆಂದಿರುವುದು ನಾಲ್ಕನೇ ಗುಹೆಯ ವಿಚಾರ. ಅಲ್ಲಿನ ವಿಹಾರಗಳಲ್ಲೆಲ್ಲ ದೊಡ್ಡದು ಅದೇ. 5ನೇ ಶತಮಾನದಲ್ಲಿ, ವಾಕಾಟಕರ ಕಾಲದಲ್ಲಿ ಶುರುವಾದ ಕೆಲಸ ಪೂರ್ತಿಯಾಗಲೇ ಇಲ್ಲ.

ಮನೆಯನ್ನು ಕೆಳಗಿನಿಂದ ಮೇಲಕ್ಕೆ ಕಟ್ಟುತ್ತೇವೆ. ಗುಹೆ ಹಾಗಲ್ಲ, ಮೊದಲು ಚಾವಣಿ ಕಡಿದು ಆಮೇಲೆ ಕೆಳಕ್ಕೆ ಇಳಿಯಬೇಕು. ಕಂಬವನ್ನು ತಂದು ನಿಲ್ಲಿಸುವುದಿಲ್ಲ, ಸುತ್ತಲಿನ ಕಲ್ಲು ತೆಗೆದು ಉಳಿಸಿಕೊಳ್ಳಬೇಕು. ಒಮ್ಮೆ ಕಡಿದದ್ದನ್ನು ಮತ್ತೆ ಅಂಟಿಸಲು ಬರುವುದಿಲ್ಲ. ಈ ಗುಹೆಯ ಬಂಡೆಯೊಳಗೇ ಒಂದು ದೋಷವಿತ್ತು. ಲಾವಾ ಹರಿದು ತಣ್ಣಗಾದ ಕಾಲದ್ದು ಅದು, ಯಾರ ಉಳಿಯ ತಪ್ಪೂ ಅಲ್ಲ. ಕೆಲಸ ನಡೆಯುತ್ತಿರುವಾಗಲೇ ಚಾವಣಿ ಕುಸಿಯಿತು.

ಅವರು ಬಿಟ್ಟು ಹೋಗಲಿಲ್ಲ. ಕುಸಿದ ಜಾಗದಿಂದ ಇನ್ನೂ ಮೇಲಕ್ಕೆ ಕಡಿದು ಚಾವಣಿಯನ್ನೇ ಎತ್ತರಿಸಿದರು. ಸಭಾಂಗಣದ ಆ ಎತ್ತರ ಮೊದಲು ಯಾರೂ ಯೋಚಿಸಿದ್ದಲ್ಲ. ತಲೆ ಎತ್ತಿದರೆ ಲಾವಾ ಹರಿದ ಗುರುತು ಇಂದಿಗೂ ಕಾಣುತ್ತದೆ. ಒಳಗಿನ ಬುದ್ಧಮೂರ್ತಿಯ ಮೇಲೆ ಮಾಥುರ ಎಂಬ ದಾನಿಯ ಹೆಸರಿದೆ. ಚಾವಣಿ ಬಿದ್ದ ಮೇಲೂ ಉಳಿ ಹಿಡಿದವರ ಹೆಸರಿಲ್ಲ. ದುಡಿದವರ ಹೆಸರು ಎಲ್ಲಿ ತಾನೇ ಇರುತ್ತದೆ! ಇದೇ ಗುಹೆಯಲ್ಲಿ ಎಂಟು ಮಹಾಭಯಗಳಿಂದ ಜನರನ್ನು ಪಾರುಮಾಡುವ ಬೋಧಿಸತ್ವನ ಶಿಲ್ಪವೂ ಇದೆ. ಆದರೆ ಈ ಗುಹೆಯನ್ನು ಪಾರುಮಾಡಿದ್ದು ಆ ಕೂಲಿಯವರ ಕೈಗಳು ಎಂದೇ ನಾನು ಓದಿಕೊಳ್ಳುತ್ತೇನೆ.

ಇದನ್ನು ಈಗ ಬರೆಯಲು ಕಾರಣ ನಮ್ಮ ವಿಹಾರದ ಗೋಡೆ. ಬುದ್ಧಪೂರ್ಣಿಮೆಗೆ ನಮ್ಮ ಹುಡುಗ ಹುಡುಗಿಯರು ಬರೆದ ಚಿತ್ರದ ಮೇಲೆ ಮೊದಲ ಮಳೆಗೇ ನೀರು ಸೋರಿ, ಆಕಾಶದ ನೀಲಿ ಪಟ್ಟೆಪಟ್ಟೆಯಾಗಿ ಕೆಳಗಿಳಿದಿದೆ. ಸುಣ್ಣ ಬಳಿದು ಫ್ಲೆಕ್ಸ್ ಹಾಕೋಣ ಎಂದು ಕೆಲವು ಹಿರಿಯರ ಅಭಿಪ್ರಾಯ. ಸೋರಿದ್ದೆಲ್ಲ ಕಲೆ ಎಂದು ನಾನೂ ಹೇಳುವುದಿಲ್ಲ, ಸೋರಿಕೆ ಸೋರಿಕೆಯೇ. ಆದರೆ ಬರೆದ ಹುಡುಗಿ ಮೊನ್ನೆ ಒಂದು ಮಾತು ಹೇಳಿದಳು: “ಅಂಕಲ್, ಇಳಿದಿರೋ ನೀಲೀನ ರೋಹಿಣಿ ನದಿ ಮಾಡ್ತೀನಿ.”

ಶಾಕ್ಯರಿಗೂ ಕೋಲಿಯರಿಗೂ ಜಗಳ ತಂದ ನೀರು ಅದು. ಆ ಜಗಳದಿಂದಲೇ ಸಿದ್ಧಾರ್ಥ ಮನೆ ಬಿಟ್ಟದ್ದು ಎಂದು ಬಾಬಾಸಾಹೇಬರು ಬರೆದಿದ್ದಾರೆ. ಮೊದಲ ಚಿತ್ರದಲ್ಲಿ ನದಿಯೇ ಇರಲಿಲ್ಲ.

ಭಾನುವಾರ ವಂದನೆ ಮುಗಿದ ಮೇಲೆ ಗೋಡೆಯ ಮುಂದೆಯೇ ಕೂತು ತೀರ್ಮಾನಿಸೋಣ, ಅವಳೂ ಇರಲಿ. ಅಷ್ಟರೊಳಗೆ ಮೇಲಿನ ಬಿರುಕು ಮುಚ್ಚಬೇಕು. ಸಿಮೆಂಟ್ ನಾನು ತರುತ್ತೇನೆ, ಏಣಿ ಇರುವವರು ತಿಳಿಸಿ.