ಹಂಚಬಾರದ ಲಾಭ

ಮೆಣಸಿನಕಾಯಿಯ ಸುಗ್ಗಿಯಲ್ಲಿ ಬ್ಯಾಡಗಿಯ ಮಾರುಕಟ್ಟೆಗೆ ಕಾಲಿಟ್ಟವನಿಗೆ ಮೊದಲು ಕಾಣುವುದು ಕೆಂಪು. ಮರುಕ್ಷಣವೇ ಬರುವುದು ಸೀನು. ದಲಾಲಿ ಅಂಗಡಿಗಳ ಮುಂದೆ ಚೀಲಗಳ ಸಾಲು ನಿಂತಿರುತ್ತದೆ. ಈ ಕಾಯಿಗೆ ಖಾರ ಕಡಿಮೆ, ಬಣ್ಣ ಹೆಚ್ಚು. ಆದುದರಿಂದಲೇ ಅದರಿಂದ ಬಣ್ಣವನ್ನು ತೆಗೆಯುವ ಕಾರ್ಖಾನೆಗಳೂ, ಬಣ್ಣ ಮಾಸದಂತೆ ಕಾಯಿಯನ್ನು ಕಾಪಾಡುವ ಶೀತಲಗೃಹಗಳೂ ಹುಟ್ಟಿಕೊಂಡಿವೆ. ಇಂಥ ಉದ್ಯಮಕ್ಕೆ ಒಬ್ಬನ ಹಣ ಸಾಲದಾದಾಗ ಹಲವರು ಕೂಡಿ ಕಂಪನಿ ಕಟ್ಟುತ್ತಾರೆ. ಒಬ್ಬೊಬ್ಬರು ಹಾಕಿದ ಬಂಡವಾಳದ ಪಾಲಿಗೆ ಷೇರು ಎಂದು ಹೆಸರು.

ಷೇರು ಎಂಬ ಮಾತು ಈ ಸೀಮೆಯ ರೈತನಿಗೆ ಹೊಸದಲ್ಲ. ಗದಗದ ಬಳಿಯ ಕಣಗಿನಹಾಳದಲ್ಲಿ 1905ರಲ್ಲಿಯೇ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ ಕೃಷಿ ಪತ್ತಿನ ಸಹಕಾರ ಸಂಘ ಸ್ಥಾಪನೆಯಾಯಿತು. ಗದಗ, ಹಾವೇರಿಗಳೆರಡೂ 1997ರವರೆಗೆ ಧಾರವಾಡ ಜಿಲ್ಲೆಗೇ ಸೇರಿದ್ದವು. ಸಹಕಾರ ಸಂಘವು ತನ್ನ ನಿವ್ವಳ ಲಾಭದಲ್ಲಿ ಕಾಲುಭಾಗಕ್ಕೆ ಕಡಿಮೆಯಾಗದಷ್ಟನ್ನು ಮೀಸಲು ನಿಧಿಗೆ ತೆಗೆದಿಡಬೇಕೆಂದು ಕರ್ನಾಟಕ ಸಹಕಾರ ಸಂಘಗಳ ಕಾಯಿದೆ, 1959 ವಿಧಿಸುತ್ತದೆ. ಕಂಪನಿಗಳ ಮಾತು ಬೇರೆ. ಲಾಭಾಂಶ ಹಂಚುವ ಮುನ್ನ ಸಾಮಾನ್ಯ ಮೀಸಲಿಗೆ ಎಷ್ಟು ಸೇರಿಸಬೇಕೆಂಬುದನ್ನು 2013ರ ಕಂಪನಿ ಕಾಯಿದೆಯು ಕಂಪನಿಯ ವಿವೇಕಕ್ಕೇ ಬಿಟ್ಟಿದೆ. ವಿವೇಕ ಎಲ್ಲರಲ್ಲಿಯೂ ಸಮನಾಗಿರುವುದಿಲ್ಲ ಎಂಬುದನ್ನು ಕಾಯಿದೆಯೂ ಬಲ್ಲದು. ಆದ್ದರಿಂದ ಒಂದು ಕಡೆ ಮಾತ್ರ ಅದು ಬಿಗಿಯಾಗಿ ನಿಂತಿದೆ.

ರಾಣೆಬೆನ್ನೂರಿನ ಸುತ್ತಲಿನ ರೈತರು ಬೀಜೋತ್ಪಾದನೆಯಲ್ಲಿ ಪಳಗಿದವರು. ಬಿತ್ತನೆಯ ಕಾಳನ್ನು ಅಡಿಗೆಮನೆಗೆ ಒಯ್ಯಬಾರದೆಂದು ಅವರಿಗೆ ಹೇಳಿಕೊಡಬೇಕಾಗಿಲ್ಲ. ಲಾಭಾಂಶದ ನಿಯಮವೂ ಇದೇ. ಯಂತ್ರ ಕಟ್ಟಡಗಳ ಸವಕಳಿಯನ್ನು ಕಳೆದು ಉಳಿದ ಲಾಭದಿಂದ ಅದನ್ನು ಕೊಡಬಹುದೇ ಹೊರತು ಬಂಡವಾಳದಿಂದ ಕೊಡಲಾಗದು. ಏಕೆಂದರೆ ಕಂಪನಿ ಮುಳುಗಿದರೆ ಷೇರುದಾರನು ತಾನು ಹಾಕಲೊಪ್ಪಿದ ಹಣವನ್ನಷ್ಟೇ ಕಳೆದುಕೊಳ್ಳುತ್ತಾನೆ. ಸಾಲ ಕೊಟ್ಟವರು ಅವನ ಮನೆಬಾಗಿಲಿಗೆ ಹೋಗುವಂತಿಲ್ಲ. ಅವರಿಗಿರುವ ಆಸರೆ ಕಂಪನಿಯ ಆಸ್ತಿಯೊಂದೇ.

ಆದ್ಯತಾ ಷೇರುಗಳು ಇಲ್ಲಿ ಒಂದು ತೊಡಕನ್ನು ತರುತ್ತವೆ. ಈ ಷೇರುದಾರರಿಗೆ ಲಾಭಾಂಶ ಮೊದಲು ಸಲ್ಲುತ್ತದೆ. ಗೊತ್ತಾದ ಅವಧಿ ಮುಗಿದಾಗ, ಸಾಮಾನ್ಯವಾಗಿ 20 ವರ್ಷದೊಳಗೆ, ಅವರ ಹಣವನ್ನು ಹಿಂದಿರುಗಿಸಬೇಕು. ಇದಕ್ಕೆ ವಿಮೋಚನೆ ಎನ್ನುತ್ತಾರೆ. ಹಣ ಹಿಂದಿರುಗಿದರೆ ಬಂಡವಾಳ ಕರಗಿದಂತೆಯೇ ಅಲ್ಲವೆ?

ಬಣ್ಣ ತೆಗೆಯುವ ಒಂದು ಕಂಪನಿಯ ಲೆಕ್ಕವನ್ನು ಊಹಿಸಿಕೊಳ್ಳಬಹುದು. ಅದರ ಸಾಮಾನ್ಯ ಷೇರು 40 ಲಕ್ಷ ರೂಪಾಯಿ, ಆದ್ಯತಾ ಷೇರು 10 ಲಕ್ಷ, ಹಂಚದೆ ಉಳಿದ ಲಾಭ 15 ಲಕ್ಷ. ಕಾಯಿ ಕೊಟ್ಟವರಿಗೆ ಸಲ್ಲಬೇಕಾದ ಬಾಕಿ 20 ಲಕ್ಷ. ಒಟ್ಟು 85 ಲಕ್ಷ. ಇದಕ್ಕೆದುರಾಗಿ ಕಟ್ಟಡ ಯಂತ್ರಗಳು 60 ಲಕ್ಷ, ನಗದು 25 ಲಕ್ಷ. ಈಗ ಆದ್ಯತಾ ಷೇರುಗಳ 10 ಲಕ್ಷವನ್ನು ತೀರಿಸಲಾಯಿತು. ನಗದು 15 ಲಕ್ಷಕ್ಕಿಳಿಯಿತು. ತಡೆಯುವವರಿಲ್ಲದಿದ್ದರೆ ಉಳಿದ 15 ಲಕ್ಷ ಲಾಭವನ್ನೂ ಲಾಭಾಂಶವಾಗಿ ಹಂಚಿಬಿಡಬಹುದಾಗಿತ್ತು. ಆಗ ಪೆಟ್ಟಿಗೆ ಬರಿದು. ಬಾಕಿ ಕೇಳಲು ಬಂದ ರೈತನಿಗೆ ತೋರಿಸಲು ಉಳಿಯುವುದು ಗೋಡೆ ಮತ್ತು ಯಂತ್ರ!

ಕಾಯಿದೆಯ 55ನೆಯ ಕಲಮು ಇದನ್ನು ತಡೆಯುತ್ತದೆ. ವಿಮೋಚನೆಗೆ ಬೇಕಾದ ಹಣ ಹೊಸ ಷೇರುಗಳ ಮಾರಾಟದಿಂದ ಬಂದಿರಬೇಕು. ಇಲ್ಲವೆ ಹಂಚಬಹುದಾದ ಲಾಭದಿಂದ ಬಂದಿರಬೇಕು. ಲಾಭದಿಂದ ತೀರಿಸಿದರೆ ಷೇರುಗಳ ಮುಖಬೆಲೆಯಷ್ಟು ಮೊತ್ತವನ್ನು ‘ಬಂಡವಾಳ ವಿಮೋಚನಾ ಮೀಸಲು’ ಎಂಬ ಖಾತೆಗೆ ವರ್ಗಾಯಿಸಬೇಕು. ಮೇಲಿನ ಲೆಕ್ಕದಲ್ಲಿ 10 ಲಕ್ಷ ಆ ಖಾತೆಗೆ ಹೋಗುತ್ತದೆ. ಹಂಚಲು ಉಳಿಯುವುದು 5 ಲಕ್ಷ ಮಾತ್ರ. ಅದನ್ನು ಪೂರ್ತಿ ಹಂಚಿದರೂ ನಗದು 10 ಲಕ್ಷ ಇದ್ದೇ ಇರುತ್ತದೆ. ಮೊದಲು ಷೇರು ಬಂಡವಾಳ 50 ಲಕ್ಷವಿತ್ತು. ಈಗ 40 ಲಕ್ಷದ ಷೇರೂ 10 ಲಕ್ಷದ ಮೀಸಲೂ ಕೂಡಿ ಮತ್ತೆ 50 ಲಕ್ಷವೇ. ಹೊಸ ಷೇರು ಮಾರಿ ತೀರಿಸಿದಾಗ ಹಳೆಯ ಬಂಡವಾಳದ ಜಾಗಕ್ಕೆ ಹೊಸದು ಬಂದಿರುವುದರಿಂದ ಅಷ್ಟರಮಟ್ಟಿಗೆ ಈ ವರ್ಗಾವಣೆ ಬೇಕಿಲ್ಲ.

ಮೀಸಲು ಎಂದರೆ ಬೀಗ ಹಾಕಿದ ತಿಜೋರಿ ಎಂದು ಬಗೆಯುವವರುಂಟು, ಅದು ಸರಿಯಲ್ಲ. ಮೀಸಲು ಇರುವುದು ಲೆಕ್ಕದ ಪುಸ್ತಕದಲ್ಲಿ. ಆ 10 ಲಕ್ಷದಿಂದ ನಾಳೆ ಕಂಪನಿ ಹೊಸ ಯಂತ್ರ ಕೊಂಡರೂ ಮೀಸಲು ಹಾಗೆಯೇ ಉಳಿಯುತ್ತದೆ. ಇಷ್ಟು ಸ್ವತ್ತನ್ನು ಷೇರುದಾರರು ಲಾಭಾಂಶವೆಂದು ಮನೆಗೆ ಒಯ್ಯುವಂತಿಲ್ಲ ಎಂಬುದಷ್ಟೇ ಅದರ ಅರ್ಥ. ಆದರೂ ಇದು ನಷ್ಟವನ್ನು ತಡೆಯುವ ಮಂತ್ರವಲ್ಲ. ವ್ಯಾಪಾರ ಕೆಟ್ಟರೆ ಬಂಡವಾಳವೂ ಕರಗೀತು. ಹಂಚಿಕೆಯಿಂದ ಕರಗಬಾರದು ಎಂಬುದು ಕಾಯಿದೆಯ ಹಟ.

ಈ ಮೀಸಲನ್ನು ಷೇರುದಾರರಿಗೆ ಬೋನಸ್ ಷೇರುಗಳನ್ನು ಕೊಡಲು ಬಳಸಬಹುದು. ಆಗಲೂ ನಗದು ಹೊರಗೆ ಹೋಗುವುದಿಲ್ಲ. ಮೀಸಲೇ ಷೇರು ಬಂಡವಾಳವಾಗಿ ಮಾರ್ಪಡುತ್ತದೆ.