ತರಕಾರಿ ಸಸಿ ಮಡಿಗೆ ಕಮಾನು ಹೊದಿಕೆ

ಹಾವೇರಿ ಜಿಲ್ಲೆಯ ಹಾನಗಲ್ಲ ತಾಲೂಕು ಮಲೆನಾಡಿನ ಸೆರಗಿನಲ್ಲಿದೆ. ಅಲ್ಲಿ ಮುಂಗಾರಿನ ಜಡಿಮಳೆಗೆ ತರಕಾರಿ ಸಸಿಗಳು ಮಡಿಯಲ್ಲಿಯೇ ಕೊಳೆಯುತ್ತವೆ. ಪೂರ್ವದ ಸವಣೂರು ಬಯಲಿನಲ್ಲಿ ಬೇಸಿಗೆಯ ಬಿಸಿಲು ಮತ್ತು ಬಿಳಿ ನೊಣದ ಕಾಟ ಹೆಚ್ಚು. ಶಿಗ್ಗಾವಿ, ಹಿರೇಕೆರೂರು ತಾಲೂಕುಗಳ ರೈತರು ಈ ಎರಡನ್ನೂ ಎದುರಿಸಬೇಕಾಗುತ್ತದೆ. ಎಕರೆ ಎರಡೆಕರೆ ಹೊಲವುಳ್ಳವನಿಗೆ ಸಸಿ ಕೆಟ್ಟರೆ ಬೀಜದ ಹಣವಷ್ಟೇ ಅಲ್ಲ, ನಾಟಿಯ ಹದವೂ ಕೈ ತಪ್ಪುತ್ತದೆ. ಟನೆಲ್ ಎಂದು ಕರೆಯುವ ತಗ್ಗು ಕಮಾನು ಹೊದಿಕೆ ಈ ನಷ್ಟವನ್ನು ತಗ್ಗಿಸಬಲ್ಲದು.

ಕೊಡೆಯೂ ಹೌದು, ಪರದೆಯೂ ಹೌದು

ಲಡಾಖಿನಂತಹ ಚಳಿ ಪ್ರದೇಶಗಳಲ್ಲಿ ಶಾಖ ಹಿಡಿದಿಡಲು ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಮುಚ್ಚುತ್ತಾರೆ. ಈ ಭಾಗದಲ್ಲಿ ಹಾಗೆ ಮುಚ್ಚಿದರೆ ಬಿಸಿಲಿಗೆ ಸಸಿಗಳು ಬೇಯುತ್ತವೆ. ಒಳಗೆ ತೇವ ನಿಂತು ಕೊಳೆ ರೋಗ ಹರಡುತ್ತದೆ. ಇಲ್ಲಿ ಬೇಕಾದುದು ಮಳೆಗೆ ಕೊಡೆ, ಕೀಟಕ್ಕೆ ಪರದೆ. ಹಾಳೆ ಮೇಲ್ಭಾಗಕ್ಕೆ ಮಾತ್ರ ಸಾಕು.

ಕಟ್ಟುವ ವಿಧಾನ

ನೀರು ನಿಲ್ಲದ ಜಾಗದಲ್ಲಿ ೭.೫ ಮೀಟರ್ ಉದ್ದ, ೧.೨ ಮೀಟರ್ ಅಗಲ, ೧೫ ಸೆಂ.ಮೀ. ಎತ್ತರದ ಏರು ಮಡಿ ಮಾಡಬೇಕು. ಮಡಿಯ ಉದ್ದ ಪೂರ್ವ-ಪಶ್ಚಿಮವಾಗಿದ್ದರೆ ಪಡುವಣ ಗಾಳಿಯ ಹೊಡೆತ ಕಡಿಮೆ. ಸುಮಾರು ೨.೫ ಮೀಟರ್ ಉದ್ದದ ಏಳು ಬಿದಿರು ದಬ್ಬೆಗಳನ್ನು ೧.೨೫ ಮೀಟರಿಗೊಂದರಂತೆ ಬಾಗಿಸಿ, ಎರಡೂ ತುದಿಗಳನ್ನು ೨೦ ಸೆಂ.ಮೀ. ಆಳಕ್ಕೆ ಹುಗಿಯಬೇಕು. ನಡುವಿನ ಎತ್ತರ ೭೫ ಸೆಂ.ಮೀ. ಬರುತ್ತದೆ. ಇದರ ಮೇಲೆ ೪೦ ಮೆಶ್ ನೈಲಾನ್ ಪರದೆ ಹೊದಿಸಿ ಸುತ್ತಲೂ ಅಂಚಿಗೆ ಮಣ್ಣು ಏರಿಸಬೇಕು. ಮಳೆಗಾಲದಲ್ಲಿ ಪರದೆಯ ಮೇಲೆ ೧.೫ ಮೀಟರ್ ಅಗಲದ ಹಾಳೆ ಕಟ್ಟಿದರೆ ಎರಡೂ ಬದಿಗೆ ನೆಲದಿಂದ ಸುಮಾರು ಒಂದು ಅಡಿ ಗಾಳಿಯಾಡಲು ಉಳಿಯುತ್ತದೆ.

ಹಂಗಾಮಿನಂತೆ ಬಳಕೆ

ಫೆಬ್ರುವರಿಯಿಂದ ಮೇವರೆಗೆ ಪರದೆ ಮಾತ್ರ ಸಾಕು. ಟೊಮೆಟೊ ಎಲೆ ಮುಟುರು ನಂಜು ರೋಗವನ್ನು ಬಿಳಿ ನೊಣ ಹರಡುವುದರಿಂದ ಬಿತ್ತಿದ ದಿನವೇ ಪರದೆ ಹಾಕಿ, ೨೫-೩೦ ದಿನಗಳ ನಂತರ ಸಸಿ ಕೀಳುವವರೆಗೆ ತೆಗೆಯಬಾರದು. ಉರಿ ಬಿಸಿಲಿದ್ದರೆ ಮಧ್ಯಾಹ್ನ ಮೇಲೆ ತೆಂಗಿನ ಗರಿ ಹರಡಬೇಕು.

ಮೆಣಸಿನಕಾಯಿ ಅಗಿ ಬೆಳೆಯಲು ೪೦-೪೫ ದಿನ ಬೇಕು. ಮೇ ಮಧ್ಯದಲ್ಲಿ ಬಿತ್ತಿದರೆ ಜೂನ್ ಕೊನೆಗೆ ನಾಟಿಗೆ ಸಿದ್ಧ. ಮಳೆ ಬಿಟ್ಟಾಗ ಹಾಳೆಯನ್ನು ಸುತ್ತಿ ಮೇಲೆತ್ತಬೇಕು. ನಾಟಿಗೆ ಒಂದು ವಾರ ಮೊದಲು ನೀರು ಕಡಿಮೆ ಮಾಡಿದರೆ ಸಸಿ ಗಟ್ಟಿಯಾಗುತ್ತವೆ. ಸಸಿ ಕಿತ್ತ ಮಡಿಯಲ್ಲಿ, ಅದೇ ಹಾಳೆಯ ಕೆಳಗೆ, ಕೊತ್ತಂಬರಿ ಅಥವಾ ಮೆಂತ್ಯ ಬೆಳೆಯಬಹುದು. ಬಯಲಿನಲ್ಲಿ ಸೊಪ್ಪು ಕೊಳೆಯುವ ದಿನಗಳಲ್ಲಿ ಇದು ಸಂತೆಗೆ ಬರುತ್ತದೆ.

ಎಚ್ಚರಿಕೆಗಳು

ಪರದೆಯಿಂದ ಎಲ್ಲವೂ ತಡೆಯುವುದಿಲ್ಲ. ಥ್ರಿಪ್ಸ್ ಮತ್ತು ಮೈಟ್ ನುಸಿ ಅದರ ಕಣ್ಣಿನಲ್ಲಿ ನುಸುಳುತ್ತವೆ. ಎರಡು ದಿನಕ್ಕೊಮ್ಮೆ ಎಲೆಗಳ ಕೆಳಭಾಗ ನೋಡಬೇಕು. ಹತ್ತಿರದ ರೋಗಿಷ್ಟ ಗಿಡಗಳನ್ನು ಮೊದಲೇ ಕಿತ್ತು ಸುಡಬೇಕು. ಕೊಳೆ ರೋಗ ತಡೆಯಲು ಟ್ರೈಕೋಡರ್ಮಾ ಬೆರೆಸಿದ, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರವನ್ನು ಮಡಿಗೆ ಹಾಕಬೇಕು. ರೋಗ ಕಂಡರೆ ಲೀಟರ್ ನೀರಿಗೆ ೩ ಗ್ರಾಂ ತಾಮ್ರದ ಆಕ್ಸಿಕ್ಲೋರೈಡ್ ಬೆರೆಸಿ ಬುಡ ನೆನೆಸಬೇಕು.

ಮೊದಲ ವರ್ಷ ಒಂದೇ ಮಡಿಗೆ ಹೊದಿಕೆ ಹಾಕಿ, ಪಕ್ಕದಲ್ಲಿ ಅಷ್ಟೇ ಬೀಜದ ಒಂದು ತೆರೆದ ಮಡಿ ಇಟ್ಟು, ಎರಡರಲ್ಲೂ ಕಿತ್ತ ಒಳ್ಳೆಯ ಸಸಿಗಳನ್ನು ಎಣಿಸುವುದು ಸೂಕ್ತ. ಖರ್ಚು ಹುಟ್ಟಿತೇ ಎಂಬುದನ್ನು ಆ ಲೆಕ್ಕವೇ ಹೇಳುತ್ತದೆ. ಹೆಚ್ಚಿನ ಮಾಹಿತಿಗೆ ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರವನ್ನು ಅಥವಾ ತಾಲೂಕಿನ ತೋಟಗಾರಿಕೆ ಇಲಾಖೆಯನ್ನು ಸಂಪರ್ಕಿಸಬಹುದು.