ಹೋದವರನ್ನು ವಿಚಾರಿಸಿ

ಪ್ರಶ್ನೆ: ನನಗೆ 24 ವರ್ಷ. ಹಾಸನ ಜಿಲ್ಲೆಯ ಒಂದು ಹಳ್ಳಿಯವಳು. ಮಾನಸಗಂಗೋತ್ರಿಯಲ್ಲಿ ಎಂ.ಎಸ್ಸಿ. ಫಿಸಿಕ್ಸ್ ಮುಗಿಸಿದೆ. ಸಿಎಸ್‌ಐಆರ್-ನೆಟ್‌ನಲ್ಲಿ ಜೆಆರ್‌ಎಫ್ ಸಿಕ್ಕಿತು. ನಾಲ್ಕು ತಿಂಗಳ ಹಿಂದೆ ಬೆಂಗಳೂರಿನ ಸಂಶೋಧನಾ ಸಂಸ್ಥೆಯೊಂದರಲ್ಲಿ ಪಿಎಚ್‌ಡಿಗೆ ಸೇರಿದ್ದೇನೆ. ಈಗ ಕೋರ್ಸ್‌ವರ್ಕ್ ನಡೆದಿದೆ, ಗೈಡ್ ಇನ್ನೂ ಗೊತ್ತಾಗಿಲ್ಲ. ಥಿನ್ ಫಿಲ್ಮ್ ಪ್ರಯೋಗಗಳ ಮೇಲೆ ಆಸೆ. ಆದರೆ ಆ ಲ್ಯಾಬಿನಲ್ಲಿ ಆರನೇ ವರ್ಷದ ಅಕ್ಕ ಒಬ್ಬರಿದ್ದಾರೆ. ಎರಡು ಪೋಸ್ಟ್‌ಡಾಕ್ ಮುಗಿಸಿ ಮೂರನೆಯದಕ್ಕೆ ಅರ್ಜಿ ಹಾಕುತ್ತಿರುವ ಅಣ್ಣ ಒಬ್ಬರಿದ್ದಾರೆ. ಅವರನ್ನು ನೋಡಿದರೆ ನಿದ್ದೆ ಬರುವುದಿಲ್ಲ. ಅಪ್ಪ ಫೋನ್ ಮಾಡಿದಾಗಲೆಲ್ಲ "ಇದು ಮುಗಿದ ಮೇಲೆ ಏನಾಗ್ತೀಯಮ್ಮಾ?" ಅನ್ನುತ್ತಾರೆ. ಬಿ.ಎಡ್. ಮಾಡಿದ ಗೆಳತಿ ಆಗಲೇ ಸಂಬಳ ತರುತ್ತಿದ್ದಾಳೆ. ಬಿಟ್ಟುಬಿಡಲೇ?
– ಹೆಸರು ಬೇಡ

ಉತ್ತರ: ತಂಗೀ, ಬಿಡುವುದು ತಪ್ಪಲ್ಲ. ಆದರೆ ಆ ಇಬ್ಬರನ್ನು ನೋಡಿ ಬಿಡಬೇಡಿ. ಲ್ಯಾಬಿನಲ್ಲಿ ನಿಮ್ಮ ಕಣ್ಣಿಗೆ ಬೀಳುವವರು ಇನ್ನೂ ಹೊರಡದವರು. ಮುಗಿಸಿ ಹೋದವರು ಅಲ್ಲಿ ಕಾಣುವುದಾದರೂ ಹೇಗೆ? ಸ್ಟ್ಯಾಂಡಿನಲ್ಲಿ ಕಾದು ನಿಂತವರನ್ನಷ್ಟೇ ಎಣಿಸಿ, ಈ ಊರಿಗೆ ಬಸ್ಸೇ ಬರುವುದಿಲ್ಲ ಅಂದ ಹಾಗಾಯಿತು.

ಆದ್ದರಿಂದ ಈ ವಾರ ಒಂದು ಕೆಲಸ ಮಾಡಿ. ನಿಮ್ಮ ಮನಸ್ಸಿನಲ್ಲಿರುವ ಗೈಡ್ ಕೈಕೆಳಗೆ ಹತ್ತು ವರ್ಷಗಳಲ್ಲಿ ಬಂದ ಥೀಸಿಸ್‌ಗಳನ್ನು ಲೈಬ್ರರಿಯಲ್ಲಿ ತೆಗೆಸಿ ನೋಡಿ. ಹೆಸರು, ಸೇರಿದ ವರ್ಷ, ಮುಗಿಸಿದ ವರ್ಷ, ಈಗ ಎಲ್ಲಿದ್ದಾರೆ – ನಾಲ್ಕು ಕಾಲಮ್ಮಿನ ಪಟ್ಟಿ ಮಾಡಿ. ಅರ್ಧಕ್ಕೇ ಬಿಟ್ಟವರ ಥೀಸಿಸ್ ಇರುವುದಿಲ್ಲ, ಅವರನ್ನು ಸೀನಿಯರ್‌ಗಳ ಹತ್ತಿರ ಕೇಳಿ ಸೇರಿಸಿ. ಆಮೇಲೆ ಇಬ್ಬರಿಗಾದರೂ ಫೋನ್ ಮಾಡಿ: ಗೈಡ್ ಡ್ರಾಫ್ಟ್ ಓದಿ ಎಷ್ಟು ದಿನಕ್ಕೆ ಕೊಡುತ್ತಿದ್ದರು? ಮೆಷೀನು ಕೆಟ್ಟರೆ ರಿಪೇರಿಗೆ ದುಡ್ಡು ಇರುತ್ತಿತ್ತೇ? ಜಗಳ ಬಂದಾಗ ಹೇಗೆ ನಡೆದುಕೊಂಡರು? ಗೈಡ್ ಎಷ್ಟು ದೊಡ್ಡ ಹೆಸರಿನವರು ಎಂಬುದಕ್ಕಿಂತ ಈ ಮೂರು ಉತ್ತರ ನಿಮ್ಮ ಐದು ವರ್ಷವನ್ನು ತೀರ್ಮಾನಿಸುತ್ತವೆ.

ಪಟ್ಟಿಯಲ್ಲಿ ಪ್ರೊಫೆಸರ್‌ಗಳು ಕಡಿಮೆಯೇ ಇದ್ದಾರು. ಗಾಬರಿ ಬೇಡ. ಒಬ್ಬ ಪ್ರೊಫೆಸರ್ ನಿವೃತ್ತಿಯೊಳಗೆ ಹತ್ತಿಪ್ಪತ್ತು ಮಂದಿಯನ್ನು ಪಿಎಚ್‌ಡಿ ಮಾಡಿಸಬಹುದು. ಅವರು ಬಿಟ್ಟುಹೋಗುವ ಕುರ್ಚಿ ಒಂದೇ. ಉಳಿದವರು ಬೇರೆ ಕಡೆ ಹೋಗಲೇಬೇಕು, ಹೋಗುತ್ತಲೂ ಇದ್ದಾರೆ: ಇಸ್ರೊ, ಡಿಆರ್‌ಡಿಒ ಪ್ರಯೋಗಾಲಯಗಳಿಗೆ, ಡೇಟಾ ಕೆಲಸಕ್ಕೆ, ಪೇಟೆಂಟ್ ಕಚೇರಿಗಳಿಗೆ. ನಿಮ್ಮ ಥಿನ್ ಫಿಲ್ಮನ್ನೇ ನೋಡಿ. ಚಿಪ್ ಎಂದರೆ ಸಿಲಿಕಾನ್ ಮೇಲೆ ಪದರದ ಮೇಲೆ ಪದರ ಕೂರಿಸಿ ಕೆತ್ತುವ ಕೆಲಸ. ಅದರ ಯಂತ್ರ ಮಾಡುವ ಅಪ್ಲೈಡ್ ಮೆಟೀರಿಯಲ್ಸ್, ಲ್ಯಾಮ್ ರಿಸರ್ಚ್ ಕಂಪನಿಗಳ ಕೇಂದ್ರಗಳು ಬೆಂಗಳೂರಿನಲ್ಲೇ ಇವೆ. ವ್ಯಾಕ್ಯೂಮ್ ಚೇಂಬರಿನ ಸೋರಿಕೆ ಹುಡುಕಿ ರಾತ್ರಿ ಕಳೆದವರಿಗೆ ಅಲ್ಲಿ ಬೆಲೆಯಿದೆ. ಹಾಗಾಗಿ ಮೊದಲ ವರ್ಷದಿಂದಲೇ ಯಂತ್ರವನ್ನು ಟೆಕ್ನೀಷಿಯನ್‌ಗೆ ಬಿಡದೆ ನೀವೇ ಬಿಚ್ಚಿ ಜೋಡಿಸಲು ಕಲಿಯಿರಿ. ಅಳತೆಯ ಲೆಕ್ಕಕ್ಕೆ ಪೈಥಾನ್ ಬರೆಯಿರಿ. ಮಾಡಿದ್ದನ್ನು ದಿನವೂ ನೋಟ್‌ಬುಕ್ಕಿನಲ್ಲಿ ಬರೆದಿಡಿ. ವಿಷಯ ಬದಲಾದರೂ ಈ ಮೂರು ಜೊತೆಗೆ ಬರುತ್ತವೆ.

ಕಾಲೇಜು ಪಾಠ ಸೋತವರ ದಾರಿ ಎಂಬ ಮಾತು ಲ್ಯಾಬುಗಳಲ್ಲಿ ಕೇಳಿಬರುತ್ತದೆ. ಕಿವಿಗೆ ಹಾಕಿಕೊಳ್ಳಬೇಡಿ. ಎಚ್. ನರಸಿಂಹಯ್ಯನವರು ಅಮೆರಿಕದ ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ನ್ಯೂಕ್ಲಿಯರ್ ಫಿಸಿಕ್ಸಿನಲ್ಲಿ ಪಿಎಚ್‌ಡಿ ಮಾಡಿ ವಾಪಸು ಬಂದದ್ದು ಬಸವನಗುಡಿಯ ನ್ಯಾಷನಲ್ ಕಾಲೇಜಿಗೇ. ಇನ್ನೊಂದು ಮಾತು, ಇದನ್ನು ಅಪ್ಪನಿಗೂ ಹೇಳಿ: 2023ರ ಜುಲೈನಿಂದ ಯುಜಿಸಿ ನಿಯಮದಲ್ಲಿ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ನೆಟ್ ಅಥವಾ ಸೆಟ್ ಕನಿಷ್ಠ ಅರ್ಹತೆ, ಪಿಎಚ್‌ಡಿ ಕಡ್ಡಾಯವಲ್ಲ. ಅಂದರೆ ಅರ್ಜಿ ಹಾಕುವ ಅರ್ಹತೆ ನಿಮ್ಮ ಕೈಯಲ್ಲಿ ಈಗಾಗಲೇ ಇದೆ. ಬಾವಿಗೆ ಇಳಿಯುವ ಮುಂಚೆಯೇ ಹಗ್ಗ ಕಟ್ಟಿಕೊಂಡಿದ್ದೀರಿ.

ಹಣದ ಮಾತು. ಜೆಆರ್‌ಎಫ್ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಪರಿಶೀಲನೆಯಲ್ಲಿ ಪಾಸಾದರೆ ಆಮೇಲೆ 42,000. ಮನೆ ಬಾಡಿಗೆ ಭತ್ಯೆ ಬೇರೆ. ಆದರೆ ಒಟ್ಟು ಐದೇ ವರ್ಷ. ಆ ಆರನೇ ವರ್ಷದ ಅಕ್ಕನ ಮುಖದಲ್ಲಿ ನೀವು ಕಂಡ ಚಿಂತೆಯಲ್ಲಿ ಇದೂ ಇರಬಹುದು. ಆದ್ದರಿಂದ ಮೊದಲ ಪೇಪರ್ ಯಾವಾಗ, ಥೀಸಿಸ್ ಬರೆಯಲು ಕೂರುವುದು ಯಾವಾಗ ಎಂದು ಗೈಡ್ ಜೊತೆ ವರ್ಷಕ್ಕೊಮ್ಮೆ ಕುಳಿತು ಮಾತಾಡಿ, ಒಪ್ಪಿದ್ದನ್ನು ಅವತ್ತೇ ಇಮೇಲ್ ಮಾಡಿ. ಪೋಸ್ಟ್‌ಡಾಕ್‌ಗೂ ಎಷ್ಟು ವರ್ಷ ಎಂಬ ಗಡಿಯನ್ನು ಹೋಗುವ ಮುಂಚೆ ಹಾಕಿಕೊಳ್ಳಿ. ಹೋದ ಮೇಲೆ "ಇನ್ನೊಂದೇ ವರ್ಷ" ಅನ್ನಿಸುತ್ತಲೇ ಇರುತ್ತದೆ.

ಪಟ್ಟಿ ಮುಗಿದ ಮೇಲೂ, ಮೊದಲ ವರ್ಷ ಕಳೆದ ಮೇಲೂ ಬೆಳಿಗ್ಗೆ ಲ್ಯಾಬಿಗೆ ಹೋಗಲು ಕಾಲೇ ಬರುವುದಿಲ್ಲ ಅಂದರೆ ಬಿಡಿ, ನಾನೂ ಹೌದು ಅನ್ನುತ್ತೇನೆ. ನಿದ್ದೆ ವಾರಗಟ್ಟಲೆ ಬಾರದಿದ್ದರೆ ಸಂಸ್ಥೆಯ ಕೌನ್ಸೆಲರ್ ಅಥವಾ ಡಾಕ್ಟರನ್ನು ಈಗಲೇ ನೋಡಿ.

ಮುಂದಿನ ಭಾನುವಾರ ಅಪ್ಪ ಮತ್ತೆ ಕೇಳುತ್ತಾರೆ. "ಗೊತ್ತಿಲ್ಲಪ್ಪಾ" ಅನ್ನಬೇಡಿ. ಪಟ್ಟಿ ಮುಂದಿಟ್ಟುಕೊಂಡು ಒಂದೊಂದೇ ಹೆಸರು ಓದಿ ಹೇಳಿ. ಅವರೂ ಕೇಳಲಿ, ನೀವೂ ಕೇಳಿಸಿಕೊಳ್ಳಿ.